ಬುಧವಾರದ ತರಗತಿಯನ್ನು ತೆಗೆದುಹಾಕಿದವರಿಗೆ

ವಿಶ್ವವಿದ್ಯಾಲಯದ ಗುಣಮಟ್ಟ ಸುಧಾರಣಾ ವಿಭಾಗದ ಮಾನ್ಯ ನಿರ್ದೇಶಕರೇ,

ನೀವು ಸುಧಾರಿಸಿದ ಒಂದು ತರಗತಿಯ ಕಾರಣದಿಂದ ನನ್ನ ಅಣ್ಣ ತನ್ನ ಕಾಯಿಲೆ ಏನೆಂದು ಹೇಳದೆಯೇ ವೈದ್ಯರ ಕೊಠಡಿಯಿಂದ ಎದ್ದು ಬಂದ. ಈ ಪತ್ರದಲ್ಲಿರುವುದು ಇಷ್ಟೇ, ಉಳಿದದ್ದೆಲ್ಲ ವಿವರಣೆ. ಇದನ್ನು ನಿಮ್ಮ ಕಚೇರಿಗೇ ಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಳಿಸಿದ್ದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ, ನಾನು ಗುಂಡಿ ಒತ್ತಿ ಬೆರಳು ತೆಗೆಯುವ ಮೊದಲೇ ಬಂತು. ಅಷ್ಟು ವೇಗವಾಗಿ ಓದಬಲ್ಲವರ ಜೊತೆ ಖಾಸಗಿಯಾಗಿ ಮಾತಾಡುವ ಧೈರ್ಯ ನನಗಿಲ್ಲದ ಕಾರಣ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನನ್ನ ಅಣ್ಣ ಕಿವುಡ. ನಿಮ್ಮ ದಾಖಲೆಗಳಲ್ಲಿ ಅವನು ‘ಶ್ರವಣದೋಷವುಳ್ಳ ಸಂಪನ್ಮೂಲ ವ್ಯಕ್ತಿ’ ಆಗಿದ್ದ. ಅದನ್ನು ಅವನಿಗೆ ಹೇಳಿದಾಗ, ಇಷ್ಟುದ್ದದ ಹೆಸರು ಇಟ್ಟುಕೊಂಡವನಿಗೆ ಕಾರು ಇರಬೇಕಲ್ಲ, ಎಲ್ಲಿ ಎಂದು ಕೇಳಿದ. ಅವನ ಕೆಲಸ ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಸ್ಪಂಜು ತುಂಬಿ ಹೊಸ ಬಟ್ಟೆ ಹೊದಿಸುವುದು. ನಿಮ್ಮಲ್ಲಿ ಸನ್ನೆ ಭಾಷೆಯ ದುಭಾಷಿಗಳನ್ನು ತಯಾರು ಮಾಡುವ ಕೋರ್ಸು ಶುರುವಾದಾಗ, ಅದನ್ನು ಕಲಿಸುವ ಅಧ್ಯಾಪಕಿ ಅವನು ದುಡಿಯುವ ಅಂಗಡಿಯನ್ನು ಹುಡುಕಿಕೊಂಡು ಬಂದರು. ಬುಧವಾರ ಮಧ್ಯಾಹ್ನ ಬಂದು ವಿದ್ಯಾರ್ಥಿಗಳ ಜೊತೆ ಹರಟೆ ಹೊಡೆಯಬೇಕು, ಅಷ್ಟೇ ಕೆಲಸ ಎಂದರು. ಅಣ್ಣನಿಗೆ ನಂಬಿಕೆಯಾಗಲಿಲ್ಲ. ‘ಹರಟೆ ಹೊಡೀತೀನಿ ಅಂತ ಅಂಗಡಿ ಯಜಮಾನ ದಿನಾ ಬೈತಾನೆ, ಇವರು ಕರೆದು ಕೂರಿಸ್ತಾರಂತೆ’ ಎಂದ. ಅವನು ಹೇಳುವುದೆಲ್ಲ ಕೈಯಲ್ಲಿ. ಇಲ್ಲಿ ಅದನ್ನು ನಾನು ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ. ಅನುವಾದದಲ್ಲಿ ಏನೇನು ಸೋರಿಹೋಗುತ್ತದೆ ಎಂಬ ಅಂದಾಜು ನನಗಿದೆ, ನಾನು ಓದುವುದೆಲ್ಲ ಹೆಚ್ಚಾಗಿ ಅನುವಾದಗಳನ್ನೇ.

ಬುಧವಾರ ಬಂತೆಂದರೆ ಕಪ್ಪು ಅಂಗಿ ಇಸ್ತ್ರಿಯಾಗುತ್ತಿತ್ತು. ಗೆರೆ, ಚೌಕಳಿಗಳ ಮುಂದೆ ಕೈ ಸರಿಯಾಗಿ ಕಾಣುವುದಿಲ್ಲ ಎಂಬುದು ಕಾರಣ. ಕಪ್ಪು ಅವನಿಗೆ ಒಪ್ಪುತ್ತದೆ ಎಂಬುದು ಇನ್ನೊಂದು. ನಿಮ್ಮ ಮೊದಲ ಮಹಡಿಯ ಕೊನೆಯ ಕೋಣೆಯಲ್ಲಿ ಕುರ್ಚಿಗಳು ಸಾಲಾಗಿದ್ದವು. ಮೊದಲ ದಿನವೇ ಎಲ್ಲರನ್ನೂ ಎಬ್ಬಿಸಿ ಅರ್ಧಚಂದ್ರಾಕಾರವಾಗಿ ಕೂರಿಸಿದ, ಒಬ್ಬರ ಕೈ ಒಬ್ಬರಿಗೆ ಕಾಣದಿದ್ದರೆ ಅದು ಮಾತೇ ಅಲ್ಲವಂತೆ. ಆಮೇಲೆ ನಾಮಕರಣ. ಕಿವುಡರಲ್ಲಿ ಒಂದು ರೂಢಿಯಿದೆ: ನಿಮ್ಮನ್ನು ಕೆಲವು ದಿನ ನೋಡಿ, ನಿಮ್ಮದೇ ಆದ ಒಂದು ಚಹರೆಯನ್ನೋ ಅಭ್ಯಾಸವನ್ನೋ ಹಿಡಿದು, ಒಂದು ಸನ್ನೆಯ ಹೆಸರು ಕೊಡುತ್ತಾರೆ. ಆಮೇಲೆ ಅದೇ ನಿಮ್ಮ ಹೆಸರು. ಮಾತಿನ ನಡುವೆ ಬೆರಳಿನಿಂದ ಕನ್ನಡಕ ಮೇಲೇರಿಸುವ ಹುಡುಗಿ ಕನ್ನಡಕ ಏರಿಸುವವಳಾದಳು. ಬಾಗಿಲಿಗೆ ಹಣೆ ಬಡಿಸಿಕೊಂಡ ಉದ್ದನೆಯ ಹುಡುಗ ಹಣೆ ಉಜ್ಜಿಕೊಳ್ಳುವವನಾದ. ಅಧ್ಯಾಪಕಿ, ಅಂಗೈಯ ಸೀಮೆಸುಣ್ಣ ಕೊಡವುವವರು.

ಅವನು ಅವರಿಗೆ ಹೇಳಿದ ಕಥೆಗಳಲ್ಲಿ ಒಂದನ್ನು ಮಾತ್ರ ನಿಮಗೂ ಹೇಳಬೇಕು. ಒಮ್ಮೆ ಒಂದು ಸೋಫಾಗೆ ಬಟ್ಟೆ ಹೊದಿಸಿ, ಕೆಳಭಾಗವನ್ನೂ ಹೊಲಿದು ಮುಗಿಸಿದ. ತಿರುಗಿ ನೋಡಿದರೆ ಅಂಗಡಿಯವರೆಲ್ಲ ಕೆಲಸ ಬಿಟ್ಟು ಅವನನ್ನೇ ನೋಡುತ್ತಿದ್ದಾರೆ. ಯಾಕೆಂದು ತಿಳಿಯಲಿಲ್ಲ. ಹೊಲಿಗೆ ಚೆನ್ನಾಗಿದೆಯೇನೋ ಎಂದು ಸ್ವಲ್ಪ ಎದೆಯುಬ್ಬಿಸಿದನಂತೆ. ಅಂಗಡಿಯ ಬೆಕ್ಕನ್ನು ಒಳಗಿಟ್ಟು ಹೊಲಿದಿದ್ದ. ಅದು ಕೂಗುವುದು ಬೀದಿಯವರೆಗೆ ಎಲ್ಲರಿಗೂ ಕೇಳುತ್ತಿತ್ತು, ಹೊಲಿದವನೊಬ್ಬನನ್ನು ಬಿಟ್ಟು. ಈ ಕಥೆಯನ್ನು ಅವನು ತರಗತಿಯಲ್ಲಿ ತನ್ನ ಮಾಮೂಲಿ ವೇಗದಲ್ಲೇ ಹೇಳಿದ. ಅದು ಮುಗಿದ ಮೇಲೆ ಕನ್ನಡಕ ಏರಿಸುವವಳು ತುಂಬ ಯೋಚಿಸಿ, ತಪ್ಪುತಪ್ಪಾಗಿ ಕೈಯಾಡಿಸಿ, ಆ ಬೆಕ್ಕು ಸೋಫಾಗೆ ಎಷ್ಟು ಕೊಟ್ಟಿತು ಎಂದು ಕೇಳಿದಳು. ಅಣ್ಣ ಕುರ್ಚಿಯಿಂದ ಜಾರುವಷ್ಟು ನಕ್ಕ.

ಆ ನಗುವಿನ ವಿಷಯಕ್ಕೇ ಬರುತ್ತೇನೆ. ವರ್ಷದ ನಡುವೆ ನೀವು ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿದಿರಿ. ಕೇಳಿದ್ದು ಒಳ್ಳೆಯದೇ. ಕಲಿಯುವವರನ್ನು ಯಾರೂ ಏನೂ ಕೇಳದಿದ್ದ ಕಾಲದಲ್ಲಿ ಓದಿದವಳು ನಾನು, ಆ ಕಾಲ ಮತ್ತೆ ಬರಲಿ ಎಂದು ಖಂಡಿತ ಬಯಸುವುದಿಲ್ಲ. ನೀವು ಕೇಳಿದ ಪ್ರಶ್ನೆ: ‘ಈ ತರಗತಿ ನಿಮಗೆ ಸುಲಭವಾಗಿ ಅರ್ಥವಾಯಿತೇ?’ ಅರ್ಥವಾಗಿರಲಿಲ್ಲ. ಬುಧವಾರಕ್ಕೆ ಅತಿ ಕಡಿಮೆ ಸ್ಟಾರ್ ಬಿದ್ದವು. ಷರಾ ಬರೆಯುವ ಜಾಗದಲ್ಲಿ ಕನ್ನಡಕ ಏರಿಸುವವಳು ಹೀಗೆ ಬರೆದಳು: ‘ಬುಧವಾರ ಮನೆಗೆ ಹೋಗುವಾಗ ತಲೆ ಚಿಟ್ಟು ಹಿಡಿದಿರುತ್ತದೆ. ಅರ್ಧವೂ ತಿಳಿಯುವುದಿಲ್ಲ. ಅವರು ನಮ್ಮನ್ನು ನೋಡಿ ನಗುತ್ತಾರೆ.’ ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ನಿಮ್ಮ ವಿಭಾಗವೂ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿತು. ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ಅಷ್ಟು ಚುರುಕಾಗಿ ಇನ್ನೇನಾದರೂ ನಡೆದಿದೆಯೋ ಗೊತ್ತಿಲ್ಲ. ಮುಂದಿನ ತಿಂಗಳಿಗೆ ಬುಧವಾರ ಇರಲಿಲ್ಲ. ಅದರ ಜಾಗದಲ್ಲಿ ವಿಡಿಯೋ ಪಾಠಗಳು ಬಂದವು. ಕೆಳಗೆ, ಮೆಟ್ಟಿಲ ಪಕ್ಕದ ಫಲಕದಲ್ಲಿ ನಗುಮುಖದ ಚಿತ್ರದೊಂದಿಗೆ ಹೀಗೆ ಬರೆಸಿದಿರಿ: ‘ನೀವು ಹೇಳಿದಿರಿ: ಪಾಠ ಕಷ್ಟ. ನಾವು ಮಾಡಿದೆವು: ಪಾಠ ಸುಲಭ.’

ಅನುವಾದ ಓದುವಾಗ ತೀರಾ ನುಣ್ಣಗಿರುವ ವಾಕ್ಯ ಬಂದರೆ ನಾನು ಅಲ್ಲೇ ನಿಲ್ಲುತ್ತೇನೆ. ಮೂಲದಲ್ಲಿ ಏನೋ ತೊಡಕಿನದು ಇದ್ದಿರಬೇಕು, ದಾರಿ ಕಾಣದೆ ಯಾರೋ ಸವರಿಬಿಟ್ಟಿದ್ದಾರೆ ಎನಿಸುತ್ತದೆ. ನಿಮ್ಮ ಫಲಕದ ಮುಂದೆಯೂ ಹಾಗೇ ನಿಂತಿದ್ದೆ.

ಆ ವಿಡಿಯೋಗಳನ್ನು ನಾನು ನೋಡಿದ್ದೇನೆ. ನೀಲಿ ಗೋಡೆಯ ಮುಂದೆ ಒಬ್ಬರು ಅಚ್ಚುಕಟ್ಟಾಗಿ ಕೈಯಾಡಿಸುತ್ತಾರೆ. ನಿಧಾನ ಬೇಕಾದರೆ ನಿಧಾನ ಮಾಡಿಕೊಳ್ಳಬಹುದು, ನಿಲ್ಲಿಸಿ ಟೀ ಕುಡಿದು ಬರಬಹುದು. ಅವರ ಒಂದು ಕೈಯಲ್ಲಿ ಎಂದೂ ಸಾಮಾನಿನ ಚೀಲ ಇರುವುದಿಲ್ಲ. ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಅವರು ಹಾರುವುದಿಲ್ಲ. ಅವರಿಗೆ ಯಾವತ್ತೂ ನೋವಾಗುವುದಿಲ್ಲ. ಮುಂದಿನ ಸಲ ಕೇಳಿದಾಗ ವಿದ್ಯಾರ್ಥಿಗಳು ಕೈತುಂಬ ಸ್ಟಾರ್ ಕೊಟ್ಟರು, ಯಾಕೆ ಕೊಡುವುದಿಲ್ಲ? ಎಲ್ಲ ತಿಳಿಯುತ್ತಿತ್ತು, ಯಾರೂ ನಗುತ್ತಿರಲಿಲ್ಲ. ತೃಪ್ತಿ ಏರಿತು, ನಕ್ಷೆಯ ಗೆರೆ ಏರಿತು. ಸುಧಾರಣೆ ಆಯಿತೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಸಾಕ್ಷಿ ಆಸ್ಪತ್ರೆಯಲ್ಲಿ ಸಿಕ್ಕಿತು. ಅದನ್ನು ಹೇಳುವ ಮೊದಲು, ಜೊತೆಗೆ ತಂಗಿ ಇರುವಾಗ ದುಭಾಷಿ ಯಾಕೆ ಎಂಬ ಪ್ರಶ್ನೆಗೆ ಉತ್ತರಿಸಬೇಕು. ನಿಮ್ಮ ಕಚೇರಿಯಲ್ಲೇ ಅದನ್ನು ಕೇಳಿದ್ದರು. ನನ್ನ ಅಣ್ಣನ ಜೀವನದ ದೊಡ್ಡ ಮಾತುಗಳೆಲ್ಲ ನನ್ನ ಮೂಲಕವೇ ಹಾದುಹೋಗಿವೆ. ಅಪ್ಪ ಬದುಕುವುದಿಲ್ಲ ಎಂದು ವೈದ್ಯರು ಹೇಳಿದ್ದನ್ನು ಅವನಿಗೆ ತಿಳಿಸಿದವಳು ಶಾಲೆಯ ಯೂನಿಫಾರಮ್ಮಿನಲ್ಲಿದ್ದ ನಾನು. ಅವನು ಮೆಚ್ಚಿದ ಹುಡುಗಿ ಒಲ್ಲೆ ಎಂದಾಗ, ಯಾಕೆ ಒಲ್ಲೆ ಎಂಬುದನ್ನೂ ನಾನೇ ಹೇಳಬೇಕಾಯಿತು. ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಮೆತ್ತಗೆ ಮಾಡಿದ್ದೂ ಅವನಿಗೆ ತಿಳಿಯಿತು. ಒಬ್ಬ ಗಂಡಸು ತನ್ನ ಮೈಯಲ್ಲಿ ಆಗುತ್ತಿರುವುದನ್ನೆಲ್ಲ ತಂಗಿಯ ಬಾಯಿಂದಲೇ ಹೇಳಿಸಬೇಕೆಂದರೆ ಕೆಲವನ್ನು ಹೇಳುವುದೇ ಇಲ್ಲ. ಅದಕ್ಕಾಗಿಯೇ ದುಭಾಷಿಗಳು. ನಿಮ್ಮ ಕೋರ್ಸು ಇರುವುದೇ ಅದಕ್ಕಾಗಿ.

ಅಣ್ಣ ಕೆಲವು ವಾರಗಳಿಂದ ಸರಿಯಾಗಿರಲಿಲ್ಲ. ಏನೆಂದು ಕೇಳಿದರೆ ಭುಜ ಕುಣಿಸುತ್ತಿದ್ದ. ಕೊನೆಗೆ ಆಸ್ಪತ್ರೆಗೆ ಹೋಗಲು ಒಪ್ಪಿದ, ಅಲ್ಲಿ ಈಗ ದುಭಾಷಿ ಇದ್ದಾರಂತೆ ಎಂದು ಅವನೇ ಹೇಳಿದ. ಇದ್ದಳು. ನೋಡಿದರೆ ಕನ್ನಡಕ ಏರಿಸುವವಳು, ನಿಮ್ಮಲ್ಲಿ ಓದು ಮುಗಿಸಿ, ಕೊರಳಿಗೆ ಆಸ್ಪತ್ರೆಯ ಗುರುತುಚೀಟಿ ಹಾಕಿಕೊಂಡವಳು. ಅಣ್ಣನಿಗೆ ಎಷ್ಟು ಖುಷಿಯಾಯಿತೆಂದರೆ ಕಾಯಿಲೆ ಮರೆತು ಬೆಕ್ಕಿನ ಸಮಾಚಾರ ವಿಚಾರಿಸಿದ. ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ನಾನು ಹೊರಗೆ ಬೆಂಚಿನ ಮೇಲೆ ಪುಸ್ತಕ ತೆರೆದೆ. ಹಾಗೆ ಹೊರಗೆ ಕೂತಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಒಂದು ಪುಟವೂ ಆಗಿರಲಿಲ್ಲ. ನರ್ಸ್ ಬಾಗಿಲು ತೆರೆದು, “ಇವರ ಕಡೆಯವರು ನೀವೇನಾ? ಒಳಗೆ ಬನ್ನಿ ಒಂಚೂರು. ಏನು ಹೇಳ್ತಿದಾರೋ ಗೊತ್ತಾಗ್ತಿಲ್ಲ” ಎಂದರು.

ಒಳಗೆ ಹುಡುಗಿಯ ಮುಖ ಕೆಂಪಾಗಿತ್ತು. ‘ನಿಧಾನ, ಇನ್ನೊಂದು ಸಲ’ ಎಂದು ಅವಳ ಕೈ ಕೇಳುತ್ತಿತ್ತು. ಅಣ್ಣ ನಿಧಾನವಾಗಿಯೇ ಹೇಳುತ್ತಿದ್ದಿರಬೇಕು. ಒಂದು ಕೈಯಲ್ಲಿ ಹೊಟ್ಟೆಯ ಕೆಳಗೆ ಒತ್ತಿ ಹಿಡಿದುಕೊಂಡು ಇನ್ನೊಂದರಲ್ಲಿ ಹೇಳುತ್ತಿದ್ದ. ನಿಮ್ಮ ವಿಡಿಯೋದಲ್ಲಿ ಯಾರೂ ಒಂದೇ ಕೈಯಲ್ಲಿ ಮಾತಾಡುವುದಿಲ್ಲ. ನೋವಿರುವ ಮನುಷ್ಯನ ಮುಖ ಅವನ ಸನ್ನೆಗೆ ಅಡ್ಡ ಬರುತ್ತದೆ ಎಂಬುದೂ ಅದರಲ್ಲಿಲ್ಲ. ಅವನು ನನ್ನನ್ನು ನೋಡಿದ. ಗಾಳಿಯಲ್ಲಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

ಕಿವಿ ಕೇಳುವವರಿಗೆ ಇದು ಏನೂ ಅಲ್ಲ, ಚಳಿಯಾದವರೂ ಜೇಬಿಗೆ ಕೈ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅದರ ಅರ್ಥ, ಇನ್ನು ಮಾತಿಲ್ಲ.

“ಏನಂತೆ?” ವೈದ್ಯರು ನನ್ನನ್ನು ಕೇಳಿದರು. ನಾನು ಅಣ್ಣನನ್ನು ಕೇಳಿದೆ. ಬಲಗೈಯನ್ನು ಮಾತ್ರ ಹೊರಗೆ ತೆಗೆದು, ಹೊಟ್ಟೆನೋವು, ಅಷ್ಟೇ ಎಂದ. ನಾನು ಅದನ್ನೇ ಹೇಳಿದೆ. ಪ್ರಾಮಾಣಿಕವಾದ, ನಿಖರವಾದ ಅನುವಾದ. ಹೊಟ್ಟೆನೋವಿನ ಮಾತ್ರೆ ಬರೆದುಕೊಟ್ಟರು.

ಇದಾದ ಮೇಲೆ ನಾನು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಹೊರಗಿನ ಮೇಜಿನ ಗುಮಾಸ್ತರು ಸಭ್ಯರು, ಕೂರಲು ಹೇಳಿದರು.

“ವಿದ್ಯಾರ್ಥಿನಾ?” ಎಂದರು, ನನ್ನ ನರೆಗೂದಲು ನೋಡಿಯೂ.

“ಅಲ್ಲ.”

“ಪೋಷಕರಾ?”

“ಅಲ್ಲ. ಬುಧವಾರ ಬರ್ತಿದ್ದವರ ತಂಗಿ.”

“ನೋಡಿ ಅಮ್ಮ, ಇಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯ ತಗೋತೀವಿ. ತಂಗಿಯರಿಗೆ ಕಾಲಂ ಇಲ್ಲ.”

“ನನ್ನ ಅಭಿಪ್ರಾಯ ಬೇಡ. ಆ ತರಗತಿ ಯಾಕೆ ನಿಲ್ಲಿಸಿದ್ರಿ ಅಂತ ತಿಳ್ಕೊಳ್ಳೋಣ ಅಂತ ಬಂದೆ.”

“ನಾವೆಲ್ಲಿ ನಿಲ್ಲಿಸಿದ್ವಿ? ಮಕ್ಕಳೇ ಕಷ್ಟ ಅಂದ್ರು.”

“ಕಷ್ಟ ಅಂದ್ರೆ ಬೇಡ ಅಂತಾನಾ? ಅವರನ್ನ ಕೇಳಿದ್ರಾ?”

“ಕೇಳಿದ ಮೇಲೆ ಮತ್ತೆ ಕೇಳೋಕೆ ವ್ಯವಸ್ಥೆ ಇಲ್ಲ ಅಮ್ಮ,” ಎಂದರು, ನಿಜವಾದ ವಿಷಾದದಿಂದಲೇ. “ಅಷ್ಟಕ್ಕೂ ನೀವೇ ಇದ್ದೀರಲ್ಲ ಮನೇಲಿ, ಅವರಿಗೆ ಹೇಳೋಕೆ ಕೇಳೋಕೆ?” ಬಾಗಿಲ ಬಳಿ ಒಂದು ಪೆಟ್ಟಿಗೆಯಿತ್ತು, ಅದರ ಮೇಲೆ ನಗುವ ಮುಖ, ಅಳುವ ಮುಖ, ಇತ್ತ ಇಲ್ಲ ಅತ್ತ ಇಲ್ಲದ ಮುಖ. “ಹೋಗ್ತಾ ಒಂದು ಒತ್ತಿ ಹೋಗಿ, ನಮ್ಮ ಸೇವೆ ಹೇಗಿತ್ತು ಅಂತ.” ಅಳುವ ಮುಖವನ್ನು ಒತ್ತಿದೆ. ಸಂತೋಷದ ಸಂಗೀತ ಬಂತು.

ಮಾನ್ಯರೇ, ಅಂದು ಗುಮಾಸ್ತರು ಒಂದೇ ವಾಕ್ಯದಲ್ಲಿ ನಿಮ್ಮ ಇಡೀ ವಿಭಾಗವನ್ನು ವರ್ಣಿಸಿದ್ದರು. ಕೇಳಿದ ಮೇಲೆ ಮತ್ತೆ ಕೇಳುವ ವ್ಯವಸ್ಥೆ ಇಲ್ಲ. ವಿದ್ಯಾರ್ಥಿಯ ಮಾತನ್ನು ತಳ್ಳಿಹಾಕಿದಿರಿ ಎಂದು ನಾನು ದೂರುತ್ತಿಲ್ಲ. ಅದನ್ನು ನೀವು ಅಂಗಡಿಯಲ್ಲಿ ಗಿರಾಕಿ ಹೇಳಿದ ಮಾತಿನ ಹಾಗೆ ಪಾಲಿಸಿದಿರಿ. ಕುರ್ಚಿ ಗಟ್ಟಿ ಎಂದರೆ ಸ್ಪಂಜು ಹಾಕುವುದು ಅಣ್ಣನ ಅಂಗಡಿಯಲ್ಲಿ ಸರಿ. ಕಲಿಯುವವರು ಗಟ್ಟಿಯಾಗಿದೆ ಎಂದಾಗಲೂ ಸ್ಪಂಜೇ ಹಾಕಬೇಕೆ? ಕಷ್ಟ ಎಂದವರಿಗೆ ಇನ್ನೊಂದು ಗಂಟೆ ಬೇಕಿತ್ತೋ, ಪಾಠದ ಮೊದಲು ಸ್ವಲ್ಪ ತಯಾರಿ ಬೇಕಿತ್ತೋ, ‘ಈಗ ಕಷ್ಟವಾಗಲೇಬೇಕು, ಹೆದರಬೇಡಿ’ ಎಂದು ಹೇಳುವವರು ಒಬ್ಬರು ಬೇಕಿತ್ತೋ? ಆ ಕೋಣೆಗೆ ಹೋಗಿ ಒಂದು ಕುರ್ಚಿ ಎಳೆದುಕೊಂಡು ಕೂತಿದ್ದರೆ ತಿಳಿಯುತ್ತಿತ್ತು. ಸೀಮೆಸುಣ್ಣ ಕೊಡವುವ ಅಧ್ಯಾಪಕಿಯನ್ನು ಕೇಳಿದ್ದರೂ ತಿಳಿಯುತ್ತಿತ್ತು. ಅವರು ನಿಮಗೆ ಬರೆದು ತಿಳಿಸಿದ್ದರಂತೆ. ಅವರಿಗೂ ‘ಅಮೂಲ್ಯ’ ಎಂದೇ ಉತ್ತರ ಬಂತಂತೆ.

ಇನ್ನೊಬ್ಬನನ್ನೂ ಯಾರೂ ಕೇಳಲಿಲ್ಲ. ನನ್ನ ಅಣ್ಣ ಒಳ್ಳೆಯ ಮೇಷ್ಟ್ರು ಎಂದು ನಾನು ವಾದಿಸುವುದಿಲ್ಲ. ಅವನ ಕೈ ವೇಗ, ತಾಳ್ಮೆ ಕಡಿಮೆ, ನಕ್ಕಿದ್ದೂ ನಿಜ. ಆದರೆ ಅವನ ಮೇಲೆ ಬಂದ ಅಭಿಪ್ರಾಯ ಅವನೊಬ್ಬನಿಗೆ ಬಿಟ್ಟು ಇಡೀ ವಿಶ್ವವಿದ್ಯಾಲಯಕ್ಕೆ ಗೊತ್ತಿತ್ತು. ಅವನಿಗೆ ಬಂದದ್ದು ಒಂದು ಸಾಲಿನ ಮೆಸೇಜು: ‘ಇನ್ನು ಮುಂದೆ ಬುಧವಾರ ಬರುವ ಅಗತ್ಯವಿಲ್ಲ.’ ಕಪ್ಪು ಅಂಗಿ ಇಸ್ತ್ರಿಯಾಗಿ ಮೊಳೆಯಲ್ಲಿ ತೂಗುತ್ತಿತ್ತು. ಆಸ್ಪತ್ರೆಯ ಪ್ರಸಂಗವಾದ ಮೇಲೆ, ಹುಡುಗರು ಹೀಗೆ ಬರೆದಿದ್ದರಂತೆ ಎಂದು ನಾನೇ ಹೇಳಿದೆ. ‘ನಕ್ಕಿದ್ದೆ. ಅವರೂ ನನ್ನ ನೋಡಿ ನಗಲಿ ಅಂತಲೇ ಆ ಬೆಕ್ಕಿನ ಕಥೆ ಹೇಳಿದ್ದು’ ಎಂದ. ಆಮೇಲೆ, ‘ನಿಧಾನ ಮಾಡು ಅಂತ ಒಂದು ಮಾತು ಹೇಳಿದ್ದರೆ ಮಾಡ್ತಿರಲಿಲ್ಲವಾ?’

ಆಸ್ಪತ್ರೆಯಿಂದ ಬಂದ ದಿನ ಸಂಜೆಯೇ ಆ ಹುಡುಗಿ ಅಂಗಡಿಗೆ ಬಂದಿದ್ದಳು. ಅಣ್ಣ ಒಂದು ಕುರ್ಚಿಯ ಹಳೆಯ ಮೊಳೆ ಕೀಳುತ್ತಿದ್ದ. ಅವಳು ಎದುರು ನಿಂತು, ಬುಧವಾರ ಬರಲಾ ಎಂದು ಕೈಯಲ್ಲಿ ಕೇಳಿದಳು. ‘ಇವತ್ತು ಶುಕ್ರವಾರ’ ಎಂದ ಅಣ್ಣ. ಗೊತ್ತು ಎಂದಳು. ಅವನು ಇಕ್ಕಳ ಕೆಳಗಿಟ್ಟು, ಪಕ್ಕದಲ್ಲಿದ್ದ ಸೋಫಾ ತೋರಿಸಿ, ‘ಕೂತ್ಕೋ. ಒಳಗೆ ಏನೂ ಇಲ್ಲ, ನೋಡಿದೀನಿ’ ಎಂದ. ಅವಳು ಮೊದಲು ನಕ್ಕಳು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ಅವಳನ್ನು ಬಸ್ಸಿಗೆ ಬಿಡಲು ಹೋಗುವಾಗ, ಆ ಷರಾ ಬರೆದದ್ದು ತಾನೇ ಎಂದು ಅವಳೇ ಹೇಳಿದಳು. ನಾನು ಕೇಳಿಯೇಬಿಟ್ಟೆ, ಯಾಕಮ್ಮ ಹಾಗೆ ಬರೆದೆ ಎಂದು.

“ಸಿಟ್ಟಿತ್ತು ಅಕ್ಕ ಅವತ್ತು. ಒಂದೇ ಸ್ಟಾರ್ ಕೊಟ್ಟೆ. ಆದರೆ ಕಷ್ಟ ಅಂತ ಬರೆದಿದ್ವಿ, ಬೇಡ ಅಂತ ಯಾರೂ ಬರೀಲಿಲ್ಲ.”

“ಬೇಕು ಅಂತಲೂ ಬರೀಲಿಲ್ಲವಲ್ಲ.”

“ಅದನ್ನ ಕೇಳಿರಲಿಲ್ಲ ಅಕ್ಕ.”

ಅಂದಿನಿಂದ ಬುಧವಾರ ಸಂಜೆ ನಮ್ಮ ಅಂಗಡಿಯಲ್ಲಿ ತರಗತಿ ನಡೆಯುತ್ತದೆ. ಯಜಮಾನರು ಶಟರ್ ಅರ್ಧ ಎಳೆದು ಜಾಗ ಬಿಟ್ಟುಕೊಡುತ್ತಾರೆ. ಬಟ್ಟೆ ಹರಿದ ಕುರ್ಚಿಗಳೇ ಅರ್ಧಚಂದ್ರ. ಹಣೆ ಉಜ್ಜಿಕೊಳ್ಳುವವನೂ ಬರುತ್ತಾನೆ, ಶಟರಿಗೂ ಹಣೆ ಬಡಿಸಿಕೊಂಡು ಹೆಸರು ಉಳಿಸಿಕೊಂಡಿದ್ದಾನೆ. ಅಣ್ಣ ಈಗ ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ ಹೇಳುತ್ತಾನೆ, ಒಮ್ಮೊಮ್ಮೆ ಬೇಕೆಂದೇ ಒಂದು ಕೈಯಲ್ಲಿ ಟೀ ಲೋಟ ಹಿಡಿದು. ಮೊನ್ನೆ ಹೊಸದಾಗಿ ಬಂದವರಿಗೆ ಕನ್ನಡಕ ಏರಿಸುವವಳೇ ಬೆಕ್ಕಿನ ಕಥೆ ಹೇಳಿದಳು. ಅಣ್ಣನಿಗಿಂತ ಚೆನ್ನಾಗಿತ್ತು ಎಂದು ನಾನು ಹೇಳಿದ್ದಕ್ಕೆ ಒಂದು ದಿನ ನನ್ನೊಡನೆ ಮಾತು ಬಿಟ್ಟಿದ್ದ.

ಕೆಲವು ಬುಧವಾರಗಳಾದ ಮೇಲೆ ಅವನೇ ಆಸ್ಪತ್ರೆಗೆ ಹೋಗೋಣ ಎಂದ. ಅದೇ ಕೊಠಡಿ, ಅದೇ ಹುಡುಗಿ. ಬಾಗಿಲು ಮುಚ್ಚಿತು. ನಾನು ಅದೇ ಬೆಂಚಿನ ಮೇಲೆ ಅದೇ ಪುಸ್ತಕ ತೆರೆದೆ. ಈ ಸಲ ನರ್ಸ್ ಬಂದು ಕರೆಯಲಿಲ್ಲ. ಅವನು ಒಳಗೆ ಏನು ಹೇಳಿದ ಎಂಬುದು ನನಗೆ ಗೊತ್ತಿಲ್ಲ. ಹುಡುಗಿ ಹೇಳಲಿಲ್ಲ, ಹೇಳಬಾರದು. ಹೊರಗೆ ಬಂದಾಗ ಅಣ್ಣನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಆದರೆ ಕೈಗಳು ಹೊರಗೇ ಇದ್ದವು. ವೈದ್ಯರು ಬಾಗಿಲಲ್ಲಿ ನಿಂತು ನನಗೆ ಒಂದೇ ಮಾತು ಹೇಳಿದರು. “ಇದನ್ನ ಆವತ್ತೇ ಹೇಳಿದ್ದರೆ ಚೆನ್ನಾಗಿತ್ತು.”

ಹಾಗಾದರೆ ಎಲ್ಲ ಸರಿಹೋಯಿತಲ್ಲ, ಈ ಪತ್ರ ಯಾಕೆ? ನಿಮ್ಮ ವಿಭಾಗದವರಿಗೂ ಹಾಗೇ ಅನಿಸಿರಬೇಕು. ಕಳೆದ ವಾರ ಅಧ್ಯಾಪಕಿಗೆ ನಿಮ್ಮಿಂದ ಒಂದು ಸೂಚನೆ ಹೋಗಿದೆ: ವಿದ್ಯಾರ್ಥಿಗಳು ಸೋಫಾ ಅಂಗಡಿಯಲ್ಲಿ ‘ಸ್ವಯಂಪ್ರೇರಿತ ಕಲಿಕೆ’ ನಡೆಸುತ್ತಿರುವುದು ತಿಳಿದುಬಂದಿದೆ, ವಾರ್ಷಿಕ ವರದಿಯಲ್ಲಿ ‘ಉತ್ತಮ ಕಾರ್ಯಪದ್ಧತಿ’ ಎಂದು ಸೇರಿಸಲು ಒಳ್ಳೆಯ ಫೋಟೋಗಳನ್ನು ಕಳಿಸಿ. ಒಳ್ಳೆಯ ಫೋಟೋ ಸಿಗುವುದಿಲ್ಲ ಸ್ವಾಮಿ. ಅಲ್ಲಿ ಯಾರ ಕೈಯೂ ಒಂದು ಕ್ಷಣ ಸುಮ್ಮನಿರುವುದಿಲ್ಲ.

ಸರಿಹೋಗಿಲ್ಲ. ಅಣ್ಣನಿಗೆ ಶಸ್ತ್ರಚಿಕಿತ್ಸೆ ಆಗಬೇಕು. ವಾರ್ಡಿನಲ್ಲಿ ಇರಬೇಕು, ಹಗಲೂ ರಾತ್ರಿಯೂ ಬೇರೆ ಬೇರೆ ನರ್ಸುಗಳು ಬಂದು ಬೇರೆ ಬೇರೆ ಪ್ರಶ್ನೆ ಕೇಳುತ್ತಾರೆ. ಒಬ್ಬ ಹುಡುಗಿ ಎಷ್ಟು ಹೊತ್ತು ಎಚ್ಚರವಿರಬಲ್ಲಳು? ಅವಳ ನಂತರ ಬಂದಿರುವ ದುಭಾಷಿಗಳಲ್ಲಿ ಹೆಚ್ಚಿನವರು ನೀಲಿ ಗೋಡೆಯ ಮುಂದೆ ಕಲಿತವರು. ಒಳ್ಳೆಯ ಮಕ್ಕಳು, ಅವರ ಸ್ಟಾರುಗಳೂ ಒಳ್ಳೆಯವು. ಅವರಲ್ಲಿ ಒಬ್ಬರ ಮುಂದೆ ಅಣ್ಣ ಮತ್ತೆ ಕೈಗಳನ್ನು ಕೆಳಗಿಳಿಸುತ್ತಾನೆಯೇ ಎಂಬುದು ನನ್ನ ಭಯ. ಆಸ್ಪತ್ರೆಯ ಉಡುಪಿಗೆ ಜೇಬೂ ಇರುವುದಿಲ್ಲ. ಇದು ನನ್ನ ಅಣ್ಣನೊಬ್ಬನ ಮಾತೂ ಅಲ್ಲ. ಈ ಊರಿನಲ್ಲಿ ಕಾಯಿಲೆ ಬೀಳುವ ಕಿವುಡರೆಲ್ಲರ ಪಕ್ಕದಲ್ಲಿ ಸೋಫಾ ಅಂಗಡಿ ಇರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಬುಧವಾರವನ್ನು ವಾಪಸು ಕೊಡಿ, ಈ ವಾರದಿಂದಲೇ. ತೆಗೆಯುವಾಗ ತೋರಿಸಿದ ಚುರುಕನ್ನು ಕೊಡುವಾಗಲೂ ತೋರಿಸಿ. ಅಣ್ಣ ಏಳುವ ಹಾಗಿಲ್ಲದಿದ್ದರೆ ಅವನ ಗೆಳೆಯರಿದ್ದಾರೆ, ಅವರು ಅವನಿಗಿಂತ ವೇಗ, ಮಕ್ಕಳಿಗೆ ಇನ್ನೂ ಕಷ್ಟವಾಗುತ್ತದೆ. ಮುಂದೆ ಯಾವ ಕೋರ್ಸಿನ ಮಕ್ಕಳಾದರೂ ಕಷ್ಟ ಎಂದು ಬರೆದರೆ, ಪಾಠಕ್ಕೆ ಕೈ ಹಾಕುವ ಮೊದಲು ಆ ಕೋಣೆಗೆ ಹೋಗಿ, ಅಂದರೆ ಏನು ಎಂದು ಕೇಳಿ. ಪಾಠ ಮಾಡಿದವರಿಗೂ ಅದನ್ನು ತಿಳಿಸಿ. ಇದಕ್ಕೆ ವ್ಯವಸ್ಥೆ ಇಲ್ಲವೆಂದರೆ, ಒಂದು ಕುರ್ಚಿ ಸಾಕು. ಕುರ್ಚಿ ಸರಿಯಿಲ್ಲದಿದ್ದರೆ ನಮ್ಮ ಅಂಗಡಿಗೆ ಕಳಿಸಿ.

ನಿನ್ನೆ ಅಣ್ಣನಿಗೆ ಈ ಪತ್ರ ಬರೆಯುತ್ತಿದ್ದೇನೆಂದು ಹೇಳಿದೆ. ಯಾರಿಗೆ ಎಂದ. ನಿಮ್ಮ ಹುದ್ದೆಯನ್ನು ಕೈಯಲ್ಲಿ ಹೇಳುವುದು ದೊಡ್ಡ ಕೆಲಸ, ಹೇಳಿದೆ. ಅವರ ಹೆಸರೇನು ಎಂದ. ನೀನೇ ಒಂದು ಕೊಡು, ಬುಧವಾರ ನಿಲ್ಲಿಸಿದವರು ಅಂತಲೋ ಏನೋ, ಎಂದೆ. ಅವನು ಒಪ್ಪಲಿಲ್ಲ. ಆಸ್ಪತ್ರೆಗೆ ತೆಗೆದುಕೊಂಡು ಹೋಗಲು ಕಪ್ಪು ಅಂಗಿ ಮಡಚುತ್ತಿದ್ದವನು ಅದನ್ನು ಕೆಳಗಿಟ್ಟು, ಎರಡೂ ಕೈಯಲ್ಲಿ, ನನಗೇ ನಿಧಾನ ಎನಿಸುವಷ್ಟು ನಿಧಾನವಾಗಿ ಹೇಳಿದ:

‘ನೋಡದವರಿಗೆ ಹೆಸರಿಡೋದಿಲ್ಲ. ಒಂದು ಬುಧವಾರ ಬಂದು ಕೂರಲಿ.’

ಇಂತಿ, ಎಷ್ಟೋ ವರ್ಷಗಳ ಹಿಂದೆಯೇ ಅವನಿಂದ ಹೆಸರು ಪಡೆದವಳು,
ಪುಸ್ತಕದೊಳಗೆ ಬೆರಳಿಟ್ಟುಕೊಂಡೇ ಮಾತಾಡುವವಳು